ಕುಡಿ ಚಿವುಟುವ ಮೊದಲು ಕುಡಿಯ ಕೆಲಸ ತಿಳಿಯೋಣ



ಆರಿದ್ರಾ ಮಳೆಗೆ ಬಿತ್ತಿದ ತೊಗರಿ ಮೊಣಕಾಲು ದಾಟಿ ಬೆಳೆಯುವ ಹೊತ್ತಿಗೆ ಪ್ರತಿವರ್ಷವೂ ಗೊಬ್ಬರದ ಅಂಗಡಿಗಳಲ್ಲಿ ಬಣ್ಣಬಣ್ಣದ ಬಾಟಲಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕವಲು ಹೆಚ್ಚುತ್ತದೆ, ಹೂವು ಉದುರುವುದಿಲ್ಲ, ಇಳುವರಿ ಇಮ್ಮಡಿಯಾಗುತ್ತದೆ ಎಂದು ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ವಿಚಾರಿಸಿದರೆ, ‘ಇದು ಹಾರ್ಮೋನು, ಒಂದು ಸಲ ಹೊಡೆದು ನೋಡಿ’ ಎಂಬ ಉತ್ತರ ಸಿಗುತ್ತದೆ. ಆ ಹಾರ್ಮೋನು ಎಂದರೇನು, ಅದು ಗಿಡದೊಳಗೆ ಮಾಡುವ ಕೆಲಸವೇನು ಎಂದು ಕೇಳಿದರೆ ಮಾತ್ರ ಮಾರುವವರಿಗೂ ಗೊತ್ತಿರುವುದಿಲ್ಲ, ಕೊಳ್ಳುವವರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ವಸ್ತುವಿಗೆ ದುಡ್ಡು ಸುರಿಯುವ ವ್ಯವಹಾರವನ್ನು ಎತ್ತು ಕೊಳ್ಳುವಾಗ ನಾವು ಮಾಡುವುದಿಲ್ಲ. ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಬಾಟಲಿಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಕೊಳ್ಳುವುದು ರೂಢಿಯಾಗಿದೆ.

ಆದುದರಿಂದ ಈ ವಾರ ಸಸ್ಯ ಹಾರ್ಮೋನುಗಳ ಬಗೆಗೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಿಡವನ್ನು ಎತ್ತರಕ್ಕೆ ಎಳೆಯುವ ಹಾರ್ಮೋನು, ಕವಲೊಡೆಸುವ ಹಾರ್ಮೋನು, ಕವಲನ್ನು ತಡೆಯುವ ಹಾರ್ಮೋನು ಇವೆಲ್ಲವೂ ಗಿಡದಲ್ಲೇ ಇವೆ. ತೊಗರಿಯಂಥ ಬೆಳೆಯಲ್ಲಿ ಅವುಗಳನ್ನು ನಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಲು ಬೇಕಾದುದು ಎರಡು ಬೆರಳು ಮತ್ತು ಸರಿಯಾದ ದಿನದ ಲೆಕ್ಕ. ಆ ಲೆಕ್ಕ ತಪ್ಪಿದರೆ ಬೆರಳಿನಿಂದಲೂ ನಷ್ಟವೇ, ಬಾಟಲಿಯಿಂದಲೂ ನಷ್ಟವೇ.

ಹೊಲದಲ್ಲಿ ಕಂಡ ಸಂಗತಿ

ಇದು ನಿಮಗೆ ತೀರಾ ಹೊಸ ವಿಷಯವೇನಲ್ಲ. ಬಿತ್ತಿ ಒಂದು ತಿಂಗಳು ಕಳೆದ ಕಡಲೆ ಹೊಲಕ್ಕೆ ನಮ್ಮ ತಾಯಂದಿರು ಹೋಗಿ ಕುಡಿ ಚಿವುಟಿ ಉಡಿ ತುಂಬಿಕೊಂಡು ಬಂದು ಪಲ್ಯ ಮಾಡುವುದು ಉತ್ತರ ಕರ್ನಾಟಕದ ಮನೆಮನೆಯ ಪದ್ಧತಿ. ಕುಡಿ ಕಳೆದುಕೊಂಡ ಗಿಡ ಸೊರಗುವುದಿಲ್ಲ. ಕೆಲವೇ ದಿನಗಳಲ್ಲಿ ಪಕ್ಕದಿಂದ ಕವಲೊಡೆದು ಹರಡಿಕೊಳ್ಳುತ್ತದೆ. ಎಳೆಯ ಜೋಳಕ್ಕೆ ಸುಳಿ ನೊಣ ಬಿದ್ದು ನಡುವಿನ ಸುಳಿ ಸತ್ತಾಗ ಬುಡದಿಂದ ಮರಿ ಒಡೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಕಬ್ಬಿನ ಇಡೀ ಜಲ್ಲೆಯನ್ನು ಸಾಲಿನಲ್ಲಿ ಮಲಗಿಸಿದರೆ ತುದಿಯ ಕಡೆಯ ಕಣ್ಣುಗಳು ಮೊದಲು ಮೊಳೆತು ಬುಡದ ಕಡೆಯ ಎಷ್ಟೋ ಕಣ್ಣುಗಳು ಹಾಗೆಯೇ ಉಳಿದುಬಿಡುತ್ತವೆ. ಅದೇ ಜಲ್ಲೆಯನ್ನು ಎರಡು ಮೂರು ಕಣ್ಣಿನ ತುಂಡುಗಳಾಗಿ ಕಡಿದು ನೆಟ್ಟರೆ ಮೊಳಕೆ ಸಮನಾಗಿ ಬರುತ್ತದೆ. ಪಿರಿಯಾಪಟ್ಟಣ, ಹುಣಸೂರು ಕಡೆಯ ಹೊಗೆಸೊಪ್ಪಿನ ಬೆಳೆಗಾರರು ಎಲೆ ದಪ್ಪವಾಗಲೆಂದು ಹೂವಿನ ಕುಡಿ ಮುರಿಯುತ್ತಾರೆ. ಮುರಿದ ಮೇಲೆ ಎಲೆಯ ಬುಡದಲ್ಲೆಲ್ಲ ಕವಲು ಕುಡಿ ಏಳುತ್ತವೆ, ಅವನ್ನು ತೆಗೆಯುವುದೇ ಅವರಿಗೊಂದು ದೊಡ್ಡ ಕೆಲಸ.

ಬೆಳೆ ನಾಲ್ಕು, ಸಂಗತಿ ಒಂದೇ. ತುದಿ ಇರುವತನಕ ಕೆಳಗಿನ ಮೊಗ್ಗುಗಳು ಸುಮ್ಮನಿರುತ್ತವೆ. ತುದಿ ಹೋದ ಕೂಡಲೇ ಅವು ಏಳುತ್ತವೆ. ನಿಮ್ಮ ಹೊಲದ ಯಾವುದಾದರೂ ತೊಗರಿ ಗಿಡವನ್ನು ಕೈಯಲ್ಲಿ ಹಿಡಿದು ನೋಡಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಅಂದರೆ ಎಲೆಯ ಕಂಕುಳಲ್ಲಿ, ಸಾಸಿವೆಯಷ್ಟು ಸಣ್ಣ ಮೊಗ್ಗು ಕಾಣುತ್ತದೆ. ಅದು ಬೆಳೆದರೆ ಒಂದು ಕವಲು. ಅದು ಮಲಗಿಯೇ ಇದ್ದರೆ ಅಲ್ಲಿ ಕವಲಿಲ್ಲ, ಕವಲಿನ ಮೇಲೆ ಬರಬೇಕಾಗಿದ್ದ ಕಾಯಿಯೂ ಇಲ್ಲ. ಆ ಮೊಗ್ಗನ್ನು ಮಲಗಿಸಿಟ್ಟವರು ಯಾರು ಎಂಬುದೇ ಪ್ರಶ್ನೆ.

ತುದಿಯಿಂದ ಇಳಿಯುವ ಅಪ್ಪಣೆ

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಮೊದಲಿಗರು. ಹುಲ್ಲಿನ ಎಳೆಯ ಮೊಳಕೆ ಬೆಳಕಿನ ಕಡೆಗೆ ಬಾಗುತ್ತದೆ. ಅದರ ತುದಿಗೆ ಬೆಳಕು ಬೀಳದಂತೆ ಟೊಪ್ಪಿಗೆ ತೊಡಿಸಿದರೆ ಬಾಗುವುದಿಲ್ಲ. ಬಾಗುವ ಜಾಗ ಕೆಳಗಿದೆ, ಬೆಳಕನ್ನು ಅರಿಯುವ ಜಾಗ ಮೇಲಿದೆ. ಹಾಗಿದ್ದ ಮೇಲೆ ತುದಿಯಿಂದ ಕೆಳಕ್ಕೆ ಏನೋ ಒಂದು ಅಪ್ಪಣೆ ಇಳಿದು ಬರುತ್ತಿರಬೇಕು ಎಂದು 1880ರಲ್ಲಿ ಅವರು ಪ್ರಕಟಿಸಿದರು. ಆ ಅಪ್ಪಣೆ ಯಾವುದೆಂಬುದನ್ನು 1926ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬ ಯುವಕ ಕೈಗೆ ಸಿಗುವಂತೆ ಮಾಡಿದರು. ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಅಂಟಿನ ತುಣುಕಿನ ಮೇಲಿಟ್ಟು, ಆಮೇಲೆ ತುದಿಯನ್ನು ಎಸೆದು ಬರಿಯ ಅಂಟಿನ ತುಣುಕನ್ನು ಬೋಳು ಮೊಳಕೆಯ ಮೇಲೆ ಕೂರಿಸಿದರು. ಮೊಳಕೆ ಮತ್ತೆ ಬೆಳೆಯಿತು. ತುದಿಯಿಂದ ಜಿನುಗಿ ಅಂಟಿಗೆ ಇಳಿದಿದ್ದ ಆ ವಸ್ತುವಿಗೆ ಮುಂದೆ ಆಕ್ಸಿನ್ ಎಂಬ ಹೆಸರು ಬಂತು. ಬೆಳೆಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಹುಟ್ಟಿದ ಹೆಸರು ಅದು.

ಇಂಥ ವಸ್ತುಗಳಿಗೇ ಹಾರ್ಮೋನು ಎನ್ನುತ್ತೇವೆ. ಕನ್ನಡದಲ್ಲಿ ಚೋದಕ ಎಂದು ಕರೆಯುವುದುಂಟು. ಇವು ಗಿಡಕ್ಕೆ ಆಹಾರವಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಇವುಗಳ ಸ್ಥಾನವನ್ನು ಇವು ತುಂಬುವುದಿಲ್ಲ. ಗಿಡದ ಒಂದು ಭಾಗದಲ್ಲಿ ಹುಟ್ಟಿ, ಇನ್ನೊಂದು ಭಾಗಕ್ಕೆ ಹರಿದು ಹೋಗಿ, ‘ಬೆಳೆ’, ‘ನಿಲ್ಲು’, ‘ಏಳು’, ‘ಮಲಗು’ ಎಂದು ಹೇಳುವ ಸುದ್ದಿಗಾರರು ಇವರು. ಸುದ್ದಿ ಮುಟ್ಟಿಸಲು ಅತಿ ಸ್ವಲ್ಪ ಪ್ರಮಾಣ ಸಾಕು.

ಮೊಗ್ಗಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1933ರಲ್ಲಿ. ಥೀಮನ್ ಮತ್ತು ಸ್ಕೂಗ್ ಎಂಬ ಇಬ್ಬರು ವಿಜ್ಞಾನಿಗಳು ಅವರೆಯ ಜಾತಿಗೆ ಹತ್ತಿರದ ಒಂದು ದ್ವಿದಳ ಗಿಡದ ಕುಡಿಯನ್ನು ಕತ್ತರಿಸಿದರು. ನಿರೀಕ್ಷೆಯಂತೆ ಕಂಕುಳ ಮೊಗ್ಗುಗಳು ಎದ್ದವು. ಇನ್ನೊಂದಷ್ಟು ಗಿಡಗಳಲ್ಲಿ ಕುಡಿ ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಇಟ್ಟರು. ಕುಡಿ ಇಲ್ಲದಿದ್ದರೂ ಮೊಗ್ಗುಗಳು ಮಲಗಿಯೇ ಇದ್ದವು. ಅಂದಮೇಲೆ ಮೊಗ್ಗನ್ನು ತಡೆಯುತ್ತಿದ್ದುದು ಕುಡಿಯಿಂದ ಹರಿದು ಬರುವ ಆಕ್ಸಿನ್ ಎಂಬುದು ಖಚಿತವಾಯಿತು. ಕೂಡು ಕುಟುಂಬದಲ್ಲಿ ಹಿರಿಯಣ್ಣ ಇರುವತನಕ ತಮ್ಮಂದಿರು ವ್ಯವಹಾರಕ್ಕೆ ಕೈ ಹಾಕುವುದಿಲ್ಲವಷ್ಟೆ. ಗಿಡದ ಸಂಸಾರವೂ ಹಾಗೆಯೇ ನಡೆಯುತ್ತದೆ.

ಬೇರಿನ ಮಾತೂ ಇದೆ

ಆದರೆ ಯಜಮಾನನೊಬ್ಬನ ಮಾತೇ ನಡೆಯುವುದೆಂದು ತಿಳಿಯಬಾರದು. ಸ್ಕೂಗ್ ಅವರ ಪ್ರಯೋಗಾಲಯದಲ್ಲೇ 1955ರಲ್ಲಿ ಕೈನೆಟಿನ್ ಎಂಬ ವಸ್ತು ಪತ್ತೆಯಾಯಿತು. ಸೈಟೊಕೈನಿನ್ ಎಂಬ ಗುಂಪಿನ ಮೊದಲ ವಸ್ತು ಅದು. ಈ ಗುಂಪಿನ ಹಾರ್ಮೋನುಗಳು ಬೇರಿನಲ್ಲಿಯೂ ಕಾಂಡದ ಗೆಣ್ಣುಗಳಲ್ಲಿಯೂ ತಯಾರಾಗಿ, ಮಲಗಿದ ಮೊಗ್ಗಿಗೆ ಏಳು ಎಂದು ಹೇಳುತ್ತವೆ. ಕುಡಿಯ ಆಕ್ಸಿನ್ ಇಳಿದು ಬರುತ್ತಿರುವಾಗ ಕಾಂಡದಲ್ಲಿ ಇವುಗಳ ತಯಾರಿಕೆ ಕುಗ್ಗಿರುತ್ತದೆ. ಕುಡಿ ಚಿವುಟಿದಾಗ ತಯಾರಿಕೆ ಹೆಚ್ಚುತ್ತದೆ.

ಮೂರನೆಯ ಹಾರ್ಮೋನಿನ ಕತೆ ಇನ್ನೂ ಸ್ವಾರಸ್ಯವಾಗಿದೆ. ಜೋಳದ ಬೇರಿಗೆ ಅಂಟಿಕೊಂಡು ರಸ ಹೀರುವ ಸ್ಟ್ರೈಗಾ ಎಂಬ ಕಳೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಆಸರೆಯ ಬೇರು ಹತ್ತಿರ ಬಂದಾಗ ಮಾತ್ರ ಮೊಳೆಯುತ್ತದೆ. ಬೇರಿನಿಂದ ಒಸರುವ ಯಾವುದೋ ವಸ್ತು ಅದನ್ನು ಎಬ್ಬಿಸುತ್ತಿರಬೇಕೆಂದು ಹುಡುಕಿದಾಗ 1966ರಲ್ಲಿ ಹತ್ತಿಯ ಬೇರಿನ ಒಸರಿನಲ್ಲಿ ಅಂಥ ವಸ್ತು ಸಿಕ್ಕಿತು. ಗಿಡವೇಕೆ ತನ್ನ ವೈರಿಯನ್ನು ತಾನೇ ಕರೆಯುತ್ತದೆ? 2005ರಲ್ಲಿ ಇದಕ್ಕೆ ಉತ್ತರ ಬಂತು. ಮಣ್ಣಿನಿಂದ ರಂಜಕವನ್ನು ತಂದುಕೊಡುವ ಉಪಕಾರಿ ಶಿಲೀಂಧ್ರಗಳನ್ನು ಕರೆಯಲು ಗಿಡ ಆ ವಸ್ತುವನ್ನು ಒಸರುತ್ತದೆ. ಗೆಳೆಯನಿಗೆ ಬರೆದ ಕಾಗದ ಕಳ್ಳನ ಕೈಗೂ ಸಿಕ್ಕಿದಂತಾಗಿದೆ. 2008ರಲ್ಲಿ ಮತ್ತೊಂದು ಸಂಗತಿ ಹೊರಬಿತ್ತು. ಸ್ಟ್ರೈಗೊಲ್ಯಾಕ್ಟೋನ್ ಎಂಬ ಇದೇ ಗುಂಪಿನ ವಸ್ತು ಬೇರಿನಿಂದ ಮೇಲೇರಿ ಕವಲು ಒಡೆಯದಂತೆ ಮೊಗ್ಗನ್ನು ತಡೆಯುತ್ತದೆ.

ಇದರಿಂದ ರೈತರಿಗೆ ಆಗಬೇಕಾದ ಪ್ರಯೋಜನವೇನು? ಮಣ್ಣಿನಲ್ಲಿ ರಂಜಕ ಕಡಿಮೆಯಾದಾಗ ಗಿಡ ಈ ವಸ್ತುವನ್ನು ಹೆಚ್ಚು ಮಾಡುತ್ತದೆ. ಇರುವ ಬಂಡವಾಳದಲ್ಲಿ ಸಂಸಾರ ಬೆಳೆಸುವುದು ಬೇಡವೆಂದು ಕವಲುಗಳನ್ನು ತಡೆಯುತ್ತದೆ. ಬಿತ್ತುವಾಗ ರಂಜಕದ ಗೊಬ್ಬರ ಕೊಡದೆ, ಮಣ್ಣು ಪರೀಕ್ಷೆ ಮಾಡಿಸದೆ, ಆಮೇಲೆ ಕವಲು ಬರಲಿಲ್ಲವೆಂದು ಬಾಟಲಿ ಹುಡುಕುವುದು ಎಂಥ ತಪ್ಪು ಲೆಕ್ಕವೆಂಬುದು ಇದರಿಂದ ತಿಳಿಯುತ್ತದೆ. ಬೇರು ಹೇಳಿದ್ದನ್ನು ಎಲೆಯ ಮೇಲೆ ಸಿಂಪಡಿಸಿದ ನೀರು ಅಳಿಸಲಾರದು.

ಇನ್ನೂ ಒಂದು ಮಾತು ಸೇರಿಸಬೇಕು. 2014ರಲ್ಲಿ ಬಟಾಣಿಯ ಮೇಲೆ ನಡೆದ ಪ್ರಯೋಗದಲ್ಲಿ, ಕುಡಿ ಕತ್ತರಿಸಿದ ಕೂಡಲೇ ಮೊದಲು ಮೊಗ್ಗನ್ನು ಎಬ್ಬಿಸುವುದು ಸಕ್ಕರೆ ಎಂದು ಕಂಡುಬಂತು. ಬೆಳೆಯುವ ಕುಡಿಗೆ ಹಸಿವು ಹೆಚ್ಚು. ಎಲೆ ಮಾಡಿದ ಸಕ್ಕರೆಯನ್ನೆಲ್ಲ ಅದು ಎಳೆದುಕೊಳ್ಳುತ್ತಿರುತ್ತದೆ. ಕಾಲುವೆಯ ಮೇಲ್ಭಾಗದವರು ತೂಬು ತೆರೆದೇ ಇಟ್ಟರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಕುಡಿ ಚಿವುಟಿದಾಗ ಮೇಲಿನ ತೂಬು ಮುಚ್ಚಿದಂತಾಗಿ ಕೆಳಗಿನ ಮೊಗ್ಗಿಗೆ ಸಕ್ಕರೆ ಹರಿಯುತ್ತದೆ. ಆಮೇಲೆ ಹಾರ್ಮೋನುಗಳು ಅದನ್ನು ಕವಲಾಗಿ ಬೆಳೆಸುತ್ತವೆ. ಎಲೆಯಲ್ಲಿ ಸಕ್ಕರೆಯೇ ಇಲ್ಲದ ರೋಗಿಷ್ಟ ಗಿಡದ ಕುಡಿ ಚಿವುಟಿದರೆ ಹರಿಯಲು ಏನೂ ಇರುವುದಿಲ್ಲ ಎಂಬುದನ್ನೂ ಇಲ್ಲಿಯೇ ಗಮನಿಸಿ.

ಉದ್ದವಾಗಿಸುವ ಹಾರ್ಮೋನು

ಕಾಂಡವನ್ನು ಉದ್ದ ಮಾಡುವುದರಲ್ಲಿ ಜಿಬ್ಬರೆಲಿನ್ ಎಂಬ ಹಾರ್ಮೋನು ಮುಖ್ಯವಾದುದು. ಭತ್ತದ ಸಸಿಗಳು ವಿಪರೀತ ಉದ್ದವಾಗಿ, ಸಣ್ಣಗಾಗಿ, ಬಿದ್ದುಹೋಗುವ ಒಂದು ರೋಗವನ್ನು ಜಪಾನಿನ ರೈತರು ‘ಹುಚ್ಚು ಸಸಿ’ ಎಂದು ಕರೆಯುತ್ತಿದ್ದರು. ಅದಕ್ಕೆ ಕಾರಣ ಒಂದು ಶಿಲೀಂಧ್ರ ಬಿಡುವ ವಸ್ತು ಎಂದು 1926ರಲ್ಲಿ ಕುರೊಸಾವಾ ಎಂಬ ವಿಜ್ಞಾನಿ ತೋರಿಸಿದರು. ಅದೇ ವಸ್ತು ಎಲ್ಲ ಗಿಡಗಳಲ್ಲೂ ಸ್ವಾಭಾವಿಕವಾಗಿ ಇದೆ ಎಂಬುದು ಆಮೇಲೆ ತಿಳಿಯಿತು. 1966ರಲ್ಲಿ ಬಂದ ಐ.ಆರ್. 8 ಭತ್ತ ಗಿಡ್ಡವಾಗಿ ನಿಂತು, ಗೊಬ್ಬರ ಹಾಕಿದರೂ ಬೀಳದೆ, ಕಣಜ ತುಂಬಿಸಿದ್ದು ಅದರಲ್ಲಿ ಈ ಹಾರ್ಮೋನಿನ ತಯಾರಿಕೆ ಕಡಿಮೆ ಇದ್ದುದರಿಂದಲೇ ಎಂಬುದು 2002ರಲ್ಲಿ ಗೊತ್ತಾಯಿತು. ಗಿಡ ಎತ್ತರವಾದಷ್ಟೂ ಬೆಳೆ ಚೆನ್ನ ಎಂಬ ನಂಬಿಕೆ ಸರಿಯಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಒತ್ತಾಗಿ ಬಿತ್ತಿದ ತೊಗರಿ ಬಡಿಗೆಯಂತೆ ಉದ್ದಕ್ಕೆ ಹೋಗುವುದೂ ಹಾರ್ಮೋನಿನ ಆಟವೇ. ಪಕ್ಕದ ಗಿಡದ ನೆರಳು ಬಿದ್ದೊಡನೆ ಗಿಡ ಬೆಳಕಿಗಾಗಿ ಪೈಪೋಟಿಗಿಳಿದು, ಆಕ್ಸಿನ್ ಮತ್ತು ಜಿಬ್ಬರೆಲಿನ್‌ಗಳ ಬಲದಿಂದ ಕಾಂಡವನ್ನು ಉದ್ದ ಮಾಡಿ ಕವಲನ್ನು ಬಿಟ್ಟುಕೊಡುತ್ತದೆ. ಅಂಥ ಹೊಲದಲ್ಲಿ ಕುಡಿ ಚಿವುಟಿದರೂ ಕವಲಿಗೆ ಹರಡಲು ಜಾಗವಿಲ್ಲ. ಸಾಲಿನ ಅಂತರ ಸರಿಯಿದ್ದವರಿಗೆ ಮಾತ್ರ ಚಿವುಟುವುದರ ಫಲ ಪೂರ್ತಿ ಸಿಗುತ್ತದೆ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಓದಿ ಪದವಿ ಪಡೆದ ಮೇಲೂ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಇಲ್ಲಿ ಹೇಳುವುದು ನ್ಯಾಯ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನೌಕರಿಗೆ ಸೇರಿದ ಹೊಸತರಲ್ಲಿ, ತೊಗರಿ ನಾಡಿನ ಒಂದು ಹಳ್ಳಿಯ ಗುಡಿಯ ಕಟ್ಟೆಯ ಮೇಲೆ ಸಭೆ ನಡೆಸಿದೆ. ಆಗ ಸೆಪ್ಟೆಂಬರ್ ತಿಂಗಳು ಮುಗಿಯುತ್ತ ಬಂದಿತ್ತು. ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ಕವಲು ಹೆಚ್ಚಿದರೆ ಕಾಯಿ ಹೆಚ್ಚುತ್ತದೆ ಎಂದು ಉತ್ಸಾಹದಿಂದ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು ಬಂದೆ. ಸಂಕ್ರಾಂತಿ ಕಳೆದ ಮೇಲೆ ಆ ಊರಿನ ದಾರಿಯಲ್ಲಿ ಹೋಗುವಾಗ ವಯಸ್ಸಾದ ಒಬ್ಬ ತಾಯಿ ಕೈ ಮಾಡಿ ನಿಲ್ಲಿಸಿದರು. ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು. ಗಿಡಗಳು ಪೊದೆಯಂತೆ ಕವಲೊಡೆದಿದ್ದವು. ಆದರೆ ಕಾಯಿ ಅಲ್ಲೊಂದು ಇಲ್ಲೊಂದು, ಅವೂ ಜೊಳ್ಳು. ಸಭೆ ಮುಗಿದ ವಾರದಲ್ಲೇ, ಹೂವಿನ ಮೊಗ್ಗು ಕಾಣಿಸಿಕೊಳ್ಳುತ್ತಿದ್ದಾಗ, ಅವರು ಕೂಲಿ ಕೊಟ್ಟು ಇಡೀ ಹೊಲದ ಕುಡಿ ತೆಗೆಸಿದ್ದರು.

“ಸಾಹೇಬ್ರ, ನೀವು ಹೇಳಿದಂಗ ಮಾಡೀನ್ರಿ. ಚಿವುಟ್ರಿ ಅಂದ್ರಿ, ಯಾವಾಗ ಅಂತ ಹೇಳಲಿಲ್ರಿ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಹೊಲದಲ್ಲಿ ನಡೆದುದೇನು? ಹೂವಿಗೆ ಸಿದ್ಧವಾಗಿದ್ದ ತುದಿಯನ್ನೇ ತೆಗೆದುದರಿಂದ ಗಿಡ ಮತ್ತೆ ಹೊಸ ಕವಲು ಬೆಳೆಸಿ, ಆ ಕವಲಿನ ಮೇಲೆ ಹೂ ಕಟ್ಟಬೇಕಾಯಿತು. ಹೂ ಬಿಡುವುದು ವಾರಗಟ್ಟಲೆ ಹಿಂದೆ ಬಿತ್ತು. ಅಷ್ಟರಲ್ಲಿ ಕರಿ ಮಣ್ಣಿನ ತೇವ ಆರಿಹೋಗಿತ್ತು. ಹಾರ್ಮೋನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ದಿನ ಹೇಳದೆ ಹೋದ ತಪ್ಪು ನನ್ನದು. ಅಂದಿನಿಂದ ಯಾವ ಸಭೆಯಲ್ಲೂ ‘ಏನು’ ಎಂಬುದಕ್ಕಿಂತ ‘ಯಾವಾಗ’ ಎಂಬುದನ್ನು ಮೊದಲು ಹೇಳುತ್ತೇನೆ.

ಯಾವಾಗ, ಹೇಗೆ, ಯಾರು ಚಿವುಟಬಾರದು

ತೊಗರಿಗೆ ಬಿತ್ತಿದ 45ರಿಂದ 55 ದಿನಗಳ ಒಳಗೆ ಕುಡಿ ಚಿವುಟಬೇಕು. ಆರಿದ್ರಾ ಮಳೆಗೆ ಬಿತ್ತಿದವರಿಗೆ ಇದು ಆಶ್ಲೇಷಾ, ಮಘಾ ಮಳೆಗಳ ಹೊತ್ತು. ಬಿತ್ತಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ನೆನಪಿನ ಮೇಲೆ ನಂಬಿಕೆ ಬೇಡ. ಮುಖ್ಯ ಕಾಂಡದ ತುದಿಯ 5ರಿಂದ 6 ಸೆಂಟಿಮೀಟರ್, ಅಂದರೆ ಸುಮಾರು ಮೂರು ಬೆರಳು ಅಗಲದ ಎಳೆಯ ಕುಡಿಯನ್ನು ಮಾತ್ರ ತೆಗೆಯಿರಿ. ಉಗುರಿಗೆ ಸುಲಭವಾಗಿ ಮುರಿಯುವಷ್ಟು ಎಳೆಯದಾಗಿದ್ದರೆ ಸರಿಯಾದ ಹಂತವೆಂದು ತಿಳಿಯಬಹುದು. ಭೂಮಿಯಲ್ಲಿ ತೇವವಿರಬೇಕು, ಎಲೆಯ ಮೇಲಿನ ನೀರು ಆರಿರಬೇಕು. ಬ್ಯಾಟರಿಯಿಂದ ನಡೆಯುವ ಕುಡಿ ಚಿವುಟುವ ಯಂತ್ರಗಳು ಈಗ ಬಂದಿವೆ. ಆಳಿನ ಅಭಾವವಿರುವಲ್ಲಿ ಅವು ಅನುಕೂಲವೇ. ಆದರೆ ಯಂತ್ರ ಕೈಯಲ್ಲಿದೆಯೆಂದು ಅರ್ಧ ಗಿಡವನ್ನೇ ಸವರಬಾರದು. ಔಷಧಿ ಸಿಂಪಡಿಸದ ಹೊಲವಾದರೆ ತೆಗೆದ ಕುಡಿ ಆಡು, ದನಗಳಿಗೆ ಒಳ್ಳೆಯ ಮೇವು.

ತಡವಾಗಿ ಬಿತ್ತಿದವರು, ಮಳೆ ಕೈಕೊಟ್ಟು ಗಿಡ ಬಾಡಿ ನಿಂತಿರುವವರು, ದಿನ ಮೀರಿ ಹೂವಿನ ಮೊಗ್ಗು ಕಂಡವರು ಈ ವರ್ಷ ಚಿವುಟುವ ಗೋಜಿಗೆ ಹೋಗಬೇಡಿ. ಕವಲು ಬೆಳೆದು ಹೂ ಬಿಡಲು ಗಿಡಕ್ಕೆ ದಿನಗಳು ಬೇಕು. ಗೊಡ್ಡು ರೋಗ ತಗುಲಿದ ಗಿಡವೂ ಹಸಿರು ಪೊದೆಯಂತೆ ದಟ್ಟವಾಗಿ ಕಾಣುತ್ತದೆ, ಆದರೆ ಅದು ಹೂವಿಲ್ಲದ ಪೊದೆ. ಅಂಥ ಗಿಡವನ್ನು ಕಂಡೊಡನೆ ಕಿತ್ತು ಹಾಕುವುದೇ ಮದ್ದು. ಕವಲು ಹೆಚ್ಚಿದ್ದೆಲ್ಲ ಫಸಲಲ್ಲ ಎಂಬುದಕ್ಕೆ ಅದೇ ಉದಾಹರಣೆ.

ಎಲ್ಲ ಬೆಳೆಗೂ ಈ ಉಪಾಯ ನಡೆಯುವುದಿಲ್ಲ. ಕಡಲೆಗೆ ಬಿತ್ತಿದ 30ರಿಂದ 35 ದಿನಕ್ಕೆ, ಚೆಂಡು ಹೂವಿಗೆ ಸಸಿ ನೆಟ್ಟ 30ರಿಂದ 40 ದಿನಕ್ಕೆ ಕುಡಿ ಚಿವುಟಬಹುದು. ಸೂರ್ಯಕಾಂತಿಯಲ್ಲಿ ತುದಿಯೇ ತೆನೆ. ಅದನ್ನು ಮುಟ್ಟಿದರೆ ಬೆಳೆಯನ್ನೇ ಮುಟ್ಟಿದಂತೆ. ತೆಂಗು, ಅಡಿಕೆಗಳಿಗಂತೂ ಇರುವುದು ಒಂದೇ ಸುಳಿ. ಸುಳಿ ಕೊಳೆತರೆ ಅಥವಾ ಕೀಟ ಅದನ್ನು ಪೂರ್ತಿ ತಿಂದರೆ ಪಕ್ಕದಿಂದ ಏಳುವ ತಮ್ಮನಿಲ್ಲ, ಮರವೇ ಹೋಯಿತು.

ಬಾಟಲಿಯ ವಿಚಾರ

ಹಾಗಾದರೆ ಬಾಟಲಿಯ ಹಾರ್ಮೋನುಗಳೆಲ್ಲ ಮೋಸವೇ ಎಂದು ನೀವು ಕೇಳಬಹುದು. ಹಾಗೇನಿಲ್ಲ. ದ್ರಾಕ್ಷಿ ಬೆಳೆಗಾರರು ಹಣ್ಣಿನ ಗಾತ್ರಕ್ಕೆ ಜಿಬ್ಬರೆಲಿಕ್ ಆಮ್ಲ ಬಳಸುತ್ತಾರೆ, ಅದರಿಂದ ಲಾಭವೂ ಇದೆ. ಬೇಳೆಕಾಳು ಬೆಳೆಗಳು ಹೂ ಬಿಡುವ ಹಂತಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯ ಹೊರತಂದಿರುವ ಪಲ್ಸ್ ಮ್ಯಾಜಿಕ್‌ನಲ್ಲಿ ಪೋಷಕಾಂಶಗಳ ಜೊತೆಗೆ ಸಸ್ಯ ಚೋದಕವೂ ಇದೆ. ಯಾವ ಬೆಳೆಗೆ, ಯಾವ ಹಂತಕ್ಕೆ, ಎಷ್ಟು ಎಂಬುದು ಪರೀಕ್ಷೆಯಾಗಿ ಗೊತ್ತಾಗಿರುವ ವಸ್ತುವಿಗೂ, ಏನಿದೆಯೆಂದೇ ತಿಳಿಯದ ಟಾನಿಕ್ಕಿಗೂ ಅಜಗಜಾಂತರ ವ್ಯತ್ಯಾಸವಿದೆ ಎಂಬುದಷ್ಟೇ ನನ್ನ ಮಾತು.

ಪ್ರಮಾಣದ ಸೂಕ್ಷ್ಮ ನೋಡಿ. ಹೂ ಉದುರದಿರಲೆಂದು ಸಿಂಪಡಿಸುವ ಎನ್.ಎ.ಎ. ಎಂಬುದು ಆಕ್ಸಿನ್‌ನಂತೆಯೇ ಕೆಲಸ ಮಾಡುವ ವಸ್ತು. ಶೇಕಡಾ 4.5ರ ಬಾಟಲಿಯಿಂದ 1 ಮಿಲಿಲೀಟರನ್ನು 4.5 ಲೀಟರ್ ನೀರಿಗೆ ಬೆರೆಸಿದರೆ, 1000 ಲೀಟರ್ ನೀರಿನಲ್ಲಿ 10 ಗ್ರಾಂ ಇದ್ದ ಹಾಗಾಗುತ್ತದೆ. ಇಷ್ಟು ತೆಳುವಾದ ದ್ರಾವಣವೇ ಕೆಲಸ ಮಾಡುತ್ತದೆ. ಇದೇ ವಸ್ತುವನ್ನು ಪ್ರಮಾಣ ಹೆಚ್ಚಿಸಿ, ಕೆಲವು ಹಣ್ಣಿನ ತೋಟಗಳಲ್ಲಿ ಹೆಚ್ಚಾದ ಕಾಯಿಗಳನ್ನು ಉದುರಿಸಲು ಬಳಸುವುದುಂಟು. ಮುಚ್ಚಳದ ಅಳತೆಯಲ್ಲಿ, ‘ಇನ್ನೊಂದಿಷ್ಟು ಇರಲಿ’ ಎಂದು ಸುರಿಯುವವರು ಹೂ ಉಳಿಸುವ ಬದಲು ಉದುರಿಸಿಕೊಂಡಾರು.

ಇನ್ನೂ ಮುಂದೆ ಹೋದರೆ, ಜೋಳ, ಮೆಕ್ಕೆಜೋಳ, ಕಬ್ಬಿನ ಹೊಲಗಳಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಬಳಸುವ 2,4-ಡಿ ಕೂಡ ಆಕ್ಸಿನ್ ಅನ್ನೇ ಹೋಲುವ ವಸ್ತು. ಬೆಳೆ ಎಂದು ಹೇಳುವ ಅಪ್ಪಣೆಯನ್ನೇ ವಿಪರೀತವಾಗಿ ಕೊಟ್ಟು ಅದು ಕಳೆಯನ್ನು ತಿರುಚಿ ಕೊಲ್ಲುತ್ತದೆ. ತೊಗರಿ, ಹತ್ತಿ, ಟೊಮೆಟೊ, ದ್ರಾಕ್ಷಿ ಇವೂ ಅಗಲ ಎಲೆಯ ಬೆಳೆಗಳೇ. 2,4-ಡಿ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೆ ತಂದರೆ, ಅಥವಾ ಪಕ್ಕದ ಹೊಲದಿಂದ ಗಾಳಿಗೆ ಹನಿ ತೇಲಿ ಬಂದರೆ, ಎಲೆಗಳು ಸಣ್ಣಗಾಗಿ ಮುದುಡಿ ಕಾಂಡ ತಿರುಚಿಕೊಳ್ಳುತ್ತದೆ. ಇದನ್ನು ರೋಗವೆಂದು ತಿಳಿದು ಮತ್ತೊಂದು ಔಷಧಿಗೆ ದುಡ್ಡು ಕೊಡುವವರಿದ್ದಾರೆ. ಕಳೆನಾಶಕಕ್ಕೆಂದೇ ಬೇರೆ ಪಂಪು ಇಟ್ಟುಕೊಳ್ಳಿ. ಗಾಳಿ ಇರುವಾಗ ಸಿಂಪಡಿಸಬೇಡಿ.

ದ್ರಾಕ್ಷಿಯ ಬಳ್ಳಿ ಉದ್ದಕ್ಕೆ ಹೋಗದಂತೆ ಜಿಬ್ಬರೆಲಿನ್ ತಯಾರಿಕೆಯನ್ನು ತಡೆಯುವ ಕ್ಲೋರ್ಮೆಕ್ವಾಟ್ ಎಂಬ ವಸ್ತುವಿನ ಉಳಿಕೆ ಹಣ್ಣಿನಲ್ಲಿ ಕಂಡುಬಂದು, 2010ರಲ್ಲಿ ಯುರೋಪಿಗೆ ಹೋಗಿದ್ದ ಭಾರತದ ದ್ರಾಕ್ಷಿ ತಿರಸ್ಕೃತವಾಯಿತು. ಬಳ್ಳಿಗೆ ಕೊಟ್ಟದ್ದು ಬಳ್ಳಿಯಲ್ಲೇ ಉಳಿಯುತ್ತದೆ, ಹಣ್ಣಿಗೂ ಬರುತ್ತದೆ ಎಂಬ ಪಾಠವನ್ನು ಬೆಳೆಗಾರರು ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು.

ಇನ್ನು ಕೊಳ್ಳುವಾಗ ನೋಡಬೇಕಾದುದು. ಜಿಬ್ಬರೆಲಿಕ್ ಆಮ್ಲ, ಎನ್.ಎ.ಎ., ಕ್ಲೋರ್ಮೆಕ್ವಾಟ್ ಮುಂತಾದ ಬೆಳವಣಿಗೆ ನಿಯಂತ್ರಕಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕಾದ ವಸ್ತುಗಳು. ಜೈವಿಕ ಉತ್ತೇಜಕಗಳೆಂದು ಮಾರುವ ವಸ್ತುಗಳನ್ನು 2021ರ ತಿದ್ದುಪಡಿಯ ಮೂಲಕ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಗಿದೆ. ಆದುದರಿಂದ ಒಳಗೆ ಏನಿದೆ, ಶೇಕಡಾ ಎಷ್ಟಿದೆ, ಯಾವ ಬೆಳೆಗೆ, ಎಷ್ಟು ಪ್ರಮಾಣ, ತಯಾರಿಸಿದವರು ಯಾರು, ಅವಧಿ ಎಂದು ಮುಗಿಯುತ್ತದೆ ಎಂಬುದು ಚೀಟಿಯ ಮೇಲೆ ಇರಲೇಬೇಕು. ಇಲ್ಲದಿದ್ದರೆ ಮುಟ್ಟಬೇಡಿ. ಓದು ಬಾರದವರು ಮನೆಯ ಮಕ್ಕಳಿಂದ ಓದಿಸಿ. ರಸೀದಿ ಕೇಳಿ ಪಡೆಯಿರಿ. ರಸೀದಿ ಇಲ್ಲದ ಮಾಲಿಗೆ ನಾಳೆ ದೂರು ಕೊಡಲೂ ಆಧಾರವಿರುವುದಿಲ್ಲ.

ನಿಮ್ಮ ಹೊಲವೇ ಸಾಕ್ಷಿ

ಕೊನೆಯದಾಗಿ ಒಂದು ವಿನಂತಿ. ನಾನು ಹೇಳಿದೆನೆಂದು ನಂಬಬೇಡಿ, ಬಾಟಲಿ ಮಾರುವವರು ಹೇಳಿದರೆಂದೂ ನಂಬಬೇಡಿ. ಈ ಹಂಗಾಮಿನಲ್ಲಿ ನಿಮ್ಮ ತೊಗರಿ ಹೊಲದ ಒಂದೇ ಬಗೆಯ ಭೂಮಿಯಲ್ಲಿ 10 ಸಾಲು ಕುಡಿ ಚಿವುಟಿ, ಪಕ್ಕದ 10 ಸಾಲು ಹಾಗೆಯೇ ಬಿಡಿ. ಗುರುತಿಗೆ ಗೂಟ ನೆಡಿ. ಚಿವುಟಿದ ದಿನ, ಕೊಟ್ಟ ಕೂಲಿ ಬರೆದಿಡಿ. ಒಂದು ತಿಂಗಳ ಮೇಲೆ ಎರಡೂ ಕಡೆ ಐದೈದು ಗಿಡಗಳ ಕವಲು ಎಣಿಸಿ. ರಾಶಿ ಮಾಡುವಾಗ ಎರಡನ್ನೂ ಬೇರೆ ಬೇರೆ ಬಡಿದು ತೂಗಿ. ಹೆಚ್ಚು ಬಂದ ಕಾಳಿನ ಬೆಲೆ ಕೂಲಿಗಿಂತ ಹೆಚ್ಚಾಗಿದ್ದರೆ ಮುಂದಿನ ವರ್ಷ ಇಡೀ ಹೊಲಕ್ಕೆ ಮಾಡಿ. ಇಲ್ಲವಾದರೆ ಬಿಡಿ. ಬಾಟಲಿ ಕೊಳ್ಳಲೇಬೇಕೆನ್ನುವವರೂ ಇದೇ ರೀತಿ 10 ಸಾಲಿಗೆ ಹೊಡೆದು, 10 ಸಾಲು ಬಿಟ್ಟು ನೋಡಲಿ. ಎರಡು ತಕ್ಕಡಿ ತೂಕ ಹೇಳುವಷ್ಟು ಸತ್ಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ವಾಚನಾಲಯದಲ್ಲಿ ಇದನ್ನು ಓದುತ್ತಿರುವವರು, ಓದಿ ಹೇಳುತ್ತಿರುವವರು, ಸುತ್ತ ಕುಳಿತು ಕೇಳುತ್ತಿರುವವರು ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಒಂದು ಗಿಡವನ್ನು ಬಗ್ಗಿಸಿ ಎಲೆಯ ಕಂಕುಳಲ್ಲಿ ಮಲಗಿರುವ ಆ ಮೊಗ್ಗನ್ನು ನೋಡಿರಿ. ಬಿತ್ತಿ ಎಷ್ಟು ದಿನವಾಯಿತೆಂದು ಎಣಿಸಿರಿ. 45 ಆಗಿಲ್ಲವಾದರೆ ಕಾಯಿರಿ. 55 ದಾಟಿದ್ದರೆ ಕೈ ತಡೆಯಿರಿ. ನಡುವೆ ಇದ್ದರೆ ಅಂಗಡಿಯ ದಾರಿ ಹಿಡಿಯುವ ಮೊದಲು ನಿಮ್ಮ ಬೆರಳುಗಳಿಗೆ ಕೆಲಸ ಕೊಡಿ.